ಚಿಲ್ಲರೆ ಇಲ್ಲವೆಂಬ ಮಾತಿನ ಬೆಲೆ

ಕೊಳ್ಳೇಗಾಲದ ಸಂತೆಯಲ್ಲಾಗಲಿ, ಹನೂರಿನ ಹೋಟೆಲಿನಲ್ಲಾಗಲಿ, ಯಳಂದೂರಿನ ಕಿರಾಣಿ ಅಂಗಡಿಯಲ್ಲಾಗಲಿ ದುಡಿಯುವ ಜನ ದಿನಬೆಳಗಾದರೆ ಕೇಳುವ ಮಾತೊಂದಿದೆ: “ಚಿಲ್ಲರೆ ಇಲ್ಲ.” ಈ ಮಾತಿನ ಹಿಂದೆಯೇ ಒಂದು ಚಾಕಲೇಟೋ, ಒಂದು ಬೆಂಕಿಪೊಟ್ಟಣವೋ ಗಿರಾಕಿಯ ಅಂಗೈಗೆ ಬಂದು ಬೀಳುತ್ತದೆ. ಬಸ್ಸಿನಲ್ಲಾದರೆ ಟಿಕೇಟಿನ ಬೆನ್ನಿಗೆ ಗೀಚಿದ ಒಂದು ಅಂಕಿ. ಇಳಿಯುವ ಅವಸರದಲ್ಲಿ ಅದನ್ನು ಮರೆತವನ ಹಣ ಹೋದಂತೆಯೇ. ಒಂದೆರಡು ರೂಪಾಯಿಗೆ ಜಗಳವೇಕೆಂದು ಸುಮ್ಮನಾಗುವವರೇ ಹೆಚ್ಚು.

ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದರ ಲೆಕ್ಕವನ್ನು ಮಾತ್ರ ಯಾರೂ ಮಾಡಿಸಲಿಲ್ಲ. ಈಗ ಮಾಡೋಣ. ಒಂದು ದೊಡ್ಡ ಅಂಗಡಿಯಲ್ಲಿ ದಿನಕ್ಕೆ ನೂರು ಮಂದಿಗೆ ತಲಾ ಒಂದು ರೂಪಾಯಿಗೆ ಬದಲಾಗಿ ಚಾಕಲೇಟು ಕೊಟ್ಟರೆಂದು ಇಟ್ಟುಕೊಳ್ಳಿ. ವರ್ಷಕ್ಕೆ ೩೬,೫೦೦ ರೂಪಾಯಿಯಾಯಿತು. ಯಾರೂ ಕೇಳದ ಸರಕು ಇಷ್ಟು ಮೊತ್ತಕ್ಕೆ ಮಾರಾಟವಾಯಿತು, ಅದರ ಲಾಭವೂ ಅಂಗಡಿಗೇ ಬಂತು. ಅದೇ ಚಾಕಲೇಟನ್ನು ನಾಳೆ ಹಿಂದಕ್ಕೆ ತಂದು, “ಇದನ್ನು ಹಿಡಿದುಕೊಂಡು ಒಂದು ರೂಪಾಯಿಯ ಉಪ್ಪು ಕೊಡಿ” ಎಂದರೆ ಕೊಡುತ್ತಾರೆಯೇ? ಕೊಡುವುದಿಲ್ಲ. ಕೊಡುವಾಗ ಅದು ಹಣ, ತೆಗೆದುಕೊಳ್ಳುವಾಗ ಬರೀ ಮಿಠಾಯಿ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ನಗದಿಗೆ ಬದಲಿ ವಸ್ತು ಚಲಾವಣೆಗೆ ಬಂದದ್ದು ಇಂದು ನಿನ್ನೆಯ ಸಂಗತಿಯಲ್ಲ. ೧೮೬೨ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಜನ ಬೆಳ್ಳಿ ಬಂಗಾರದ ನಾಣ್ಯಗಳನ್ನು ಬಚ್ಚಿಟ್ಟರು. ಚಿಲ್ಲರೆಯಿಲ್ಲದೆ ವ್ಯಾಪಾರ ನಿಂತಿತು. ಆಗ ಅಂಚೆ ಚೀಟಿಗಳೇ ಕಾಸಾದವು. ಚೀಟಿಯ ಹಿಂದೆ ಗೋಂದು. ಬೆವರಿದ ಕೈ ತಗುಲಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು. ಗಾಲ್ಟ್ ಎಂಬ ವ್ಯಾಪಾರಿ ಹಿತ್ತಾಳೆಯ ಬಿಲ್ಲೆಯೊಳಗೆ ಚೀಟಿಯನ್ನಿರಿಸಿ, ಮೇಲೆ ಅಭ್ರಕ ಹೊದಿಸಿ, ಬೆನ್ನಿಗೆ ಜಾಹೀರಾತು ಅಚ್ಚುಹಾಕಿ ಮಾರಿದ. ಕಡೆಗೆ ಸರ್ಕಾರವೇ ಅಂಚೆ ಚೀಟಿಯ ಚಿತ್ರವಿರುವ ಸಣ್ಣ ನೋಟುಗಳನ್ನು ಹೊರಡಿಸಬೇಕಾಯಿತು. ೧೯೧೫ರಲ್ಲಿ ರಷ್ಯಾದ ಸರ್ಕಾರವೂ ಅಂಚೆ ಚೀಟಿಯನ್ನು ದಪ್ಪ ಕಾಗದದ ಮೇಲೆ ಅಚ್ಚುಹಾಕಿಸಿ, ಇದು ಬೆಳ್ಳಿಯ ಚಿಲ್ಲರೆಗೆ ಸಮವೆಂದು ಹಿಂಬದಿಯಲ್ಲಿ ಬರೆಯಿಸಿತು.

ನಮ್ಮ ದೇಶವೂ ಇದನ್ನು ಕಂಡಿದೆ. ಎರಡನೆಯ ಮಹಾಯುದ್ಧದ ನಡುವೆ, ೧೯೪೨-೪೩ರಲ್ಲಿ, ಚಿಲ್ಲರೆ ಮಾಯವಾಯಿತು. ಬೂಂದಿ, ಬಿಕಾನೇರ್, ಮೋರ್ವಿಯಂಥ ಸಂಸ್ಥಾನಗಳು ಸಣ್ಣ ರಟ್ಟಿನ ನಗದು ಕೂಪನ್ನುಗಳನ್ನು ಹೊರಡಿಸಿದವು. ಲೋಹ ಉಳಿಸಲು ಬ್ರಿಟಿಷ್ ಸರ್ಕಾರ ೧೯೪೩ರಲ್ಲಿ ನಡುವೆ ತೂತಿರುವ ಕಾಸನ್ನು ತಂದಿತು. ಆಗ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರು ಸಂಸ್ಥಾನಕ್ಕೆ. ೧೯೫೬ರ ನವೆಂಬರ್ ೧ರಂದೇ ಇವೆರಡೂ ಒಂದು ರಾಜ್ಯದೊಳಗೆ ಬಂದದ್ದು. ಆದರೂ ಆ ತೂತುಕಾಸು ಗಡಿಯ ಎರಡೂ ಕಡೆ ಒಂದೇ ಬೆಲೆಗೆ ಸಲ್ಲುತ್ತಿತ್ತು. ಎರಡು ಆಡಳಿತಗಳ ಗಡಿಯನ್ನು ಅಂದಿನ ಕಾಸು ದಾಟುತ್ತಿತ್ತು. ಇಂದಿನ ಚಾಕಲೇಟು ಪಕ್ಕದ ಅಂಗಡಿಯ ಹೊಸ್ತಿಲನ್ನೂ ದಾಟಲಾರದು. ಹಣಕ್ಕೂ ಬದಲಿಗೂ ಇರುವ ವ್ಯತ್ಯಾಸ ಇದೇ.

ಇಟಲಿಯ ಕಥೆಯನ್ನು ಕೇಳಿದರೆ ಇದರ ಒಳಗುಟ್ಟು ತಿಳಿಯುತ್ತದೆ. ೧೯೭೦ರ ದಶಕದಲ್ಲಿ ಅಲ್ಲಿ ಚಿಲ್ಲರೆಗೆ ಬರ ಬಂದಾಗ ಮಿಠಾಯಿ, ಅಂಚೆ ಚೀಟಿ, ಟೆಲಿಫೋನಿನ ಬಿಲ್ಲೆ ಎಲ್ಲವೂ ಕೈಬದಲಾದವು. ೧೯೭೫ರ ಕೊನೆಯಿಂದ ಬ್ಯಾಂಕುಗಳೇ ಪುಟಾಣಿ ಚೆಕ್ಕುಗಳನ್ನು ಅಚ್ಚುಹಾಕಿಸಿ ಹಂಚಿದವು. ತೆಳುಕಾಗದದ ಆ ಚೆಕ್ಕುಗಳಲ್ಲಿ ಅನೇಕವು ಜೇಬಿನಲ್ಲೇ ಹರಿದು ಚಿಂದಿಯಾದವು. ಹಿಂದಿರುಗದ ಪ್ರತಿಯೊಂದು ಚೆಕ್ಕೂ ಬ್ಯಾಂಕಿಗೆ ಲಾಭವಾಯಿತು. ಅಂದರೆ ಬದಲಿ ಚೀಟಿಯೆಂಬುದು ಬಡವನು ಬಲ್ಲಿದನಿಗೆ ಬಡ್ಡಿಯಿಲ್ಲದೆ ಕೊಡುವ ಸಾಲ. ವಸೂಲು ಮಾಡಲು ಮರೆತರೆ ಅದು ದಾನ!

ಆದುದರಿಂದ ಯಾವ ಬದಲಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೂಗಲು ಒಂದೇ ತಕ್ಕಡಿ ಸಾಕು. ಕೊಟ್ಟವನು ಅದನ್ನು ಅದೇ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆಯೇ? ಬೀದಿಯ ಅಂಗಡಿಯವನು ತನ್ನ ಪುಸ್ತಕದಲ್ಲಿ “ಎರಡು ರೂಪಾಯಿ ಬಾಕಿ” ಎಂದು ಬರೆದುಕೊಂಡು ನಾಳಿನ ಬೆಲ್ಲದಲ್ಲಿ ಮುರಿದುಕೊಂಡರೆ ಅದು ನ್ಯಾಯ. ನಮ್ಮ ಹೆಣ್ಣುಮಕ್ಕಳು ರಾಗಿ ಅಳೆದು ಮಡಕೆ ಕೊಂಡ ಕಾಲದಲ್ಲೂ ಇಬ್ಬರ ಒಪ್ಪಿಗೆಯಿತ್ತು. ಒಪ್ಪಿಗೆಯಿಲ್ಲದೆ ಕೈಗೆ ತುರುಕಿದ್ದು ಮಾತ್ರ ವಂಚನೆ. ಗಿರಣಿಯ ಮಾಲೀಕರು ಕೂಲಿಗೆ ಬದಲು ಸರಕನ್ನೋ ತಮ್ಮದೇ ಅಂಗಡಿಯ ಚೀಟಿಯನ್ನೋ ಕೊಡುತ್ತಿದ್ದುದರಿಂದಲೇ ಇಂಗ್ಲೆಂಡಿನಲ್ಲಿ ೧೮೩೧ರಲ್ಲಿ ಅದಕ್ಕೆ ತಡೆ ಬಂತು. ನಮ್ಮಲ್ಲಿ ೧೯೩೬ರ ವೇತನ ಪಾವತಿ ಕಾಯಿದೆಯ ೬ನೆಯ ಕಲಮು ಸಂಬಳವನ್ನು ಚಲಾವಣೆಯ ನಾಣ್ಯ ಇಲ್ಲವೆ ನೋಟಿನಲ್ಲೇ ಕೊಡಬೇಕೆಂದು ವಿಧಿಸಿತು. ಕೂಲಿ ಕೊಡುವಾಗ ಸಲ್ಲದ ಆಟ ಚಿಲ್ಲರೆ ಕೊಡುವಾಗ ಹೇಗೆ ಸಲ್ಲುತ್ತದೆ?

ಸಣ್ಣ ವ್ಯಾಪಾರಿ ಮಿತ್ರರು ಇದನ್ನೋದಿ ಮುನಿಯಬಾರದು. ಅವರ ಕಷ್ಟವೂ ನಮಗೆ ಗೊತ್ತು. ಹತ್ತು ರೂಪಾಯಿ ನಾಣ್ಯದ ಪಾಡನ್ನೇ ನೋಡಿ. ರಾಜ್ಯದ ಅನೇಕ ಊರುಗಳಲ್ಲಿ ಅದನ್ನು “ನಡೆಯುವುದಿಲ್ಲ” ಎಂದು ತಳ್ಳುತ್ತಾರೆ. ಗಿರಾಕಿಯಿಂದ ತೆಗೆದುಕೊಂಡರೆ ಸಗಟು ವ್ಯಾಪಾರಿ ಒಲ್ಲೆನೆನ್ನುತ್ತಾನೆ ಎಂಬುದೇ ಚಿಲ್ಲರೆ ಅಂಗಡಿಯವನ ಭಯ. ಆದರೆ ಹತ್ತು ರೂಪಾಯಿಯ ೧೪ ಮಾದರಿಗಳೂ ಅಸಲಿಯೆಂದು ರಿಸರ್ವ್ ಬ್ಯಾಂಕು ೨೦೧೮ರ ಜನವರಿಯಲ್ಲೇ ಸಾರಿದೆ. ೨೦೧೧ರ ನಾಣ್ಯ ಕಾಯಿದೆಯಂತೆ ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳು ಸಾವಿರ ರೂಪಾಯಿಯವರೆಗಿನ ಪಾವತಿಗೆ ಸಲ್ಲುತ್ತವೆ. ೨೦೧೧ರ ಜೂನ್ ೩೦ರಿಂದ ಚಲಾವಣೆ ಕಳೆದುಕೊಂಡದ್ದು ೨೫ ಪೈಸೆ ಮತ್ತು ಅದರ ಕೆಳಗಿನವು ಮಾತ್ರ. ೫೦ ಪೈಸೆ ಕೂಡ ಕಾಯಿದೆಯಲ್ಲಿ ಬದುಕಿದೆ. ಸರ್ಕಾರದ ಟಂಕಸಾಲೆಯಿಂದ ಬಂದ ನಾಣ್ಯ ಬೇಡ, ಮಿಠಾಯಿ ಕಾರ್ಖಾನೆಯಿಂದ ಬಂದದ್ದು ಬೇಕು ಎಂದರೆ ಇದೆಂಥ ಅರ್ಥಶಾಸ್ತ್ರ?

“ಈಗ ಫೋನಿದೆಯಲ್ಲ, ಚಿಲ್ಲರೆಯ ಗೊಡವೆಯೇ ಇಲ್ಲ” ಎನ್ನುವವರಿದ್ದಾರೆ. ೨೦೧೬ರಲ್ಲಿ ಬಂದ ಯುಪಿಐ ಪೈಸೆಗೆ ಪೈಸೆ ಲೆಕ್ಕ ಚುಕ್ತಾ ಮಾಡುತ್ತದೆ. ಅದರಿಂದ ತಳ್ಳುಗಾಡಿಯವನಿಗೂ ಅನುಕೂಲವಾಗಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಲೆಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಯಲ್ಲಿ ಸಿಗ್ನಲ್ಲು ಸಿಗದ ಜನರಿದ್ದಾರೆ. ಫೋನಿಲ್ಲದ ಮುದುಕಿಯರಿದ್ದಾರೆ. ದಿನಗೂಲಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬರುವ ಹೆಣ್ಣಾಳುಗಳಿದ್ದಾರೆ. ಅವರ ಕೈಯಲ್ಲಿರುವ ನಾಣ್ಯವನ್ನು ಅಂಗಡಿ ನಿರಾಕರಿಸಿದರೆ, ಆ ದಿನ ದುಡಿದದ್ದರಲ್ಲಿ ಅಷ್ಟು ಪಾಲನ್ನು ಕಸಿದುಕೊಂಡಂತೆಯೇ ಆಯಿತು. ಹತ್ತು ರೂಪಾಯಿ ಉಳ್ಳವನಿಗೆ ಚಿಲ್ಲರೆಯಿರಬಹುದು. ಇಲ್ಲದವಳಿಗೆ ಅದು ಒಂದು ಹೊತ್ತಿನ ಸಾಂಬಾರು.

ಆದುದರಿಂದ ಕೂಲಿಕಾರರೂ ಸಣ್ಣ ವ್ಯಾಪಾರಿಗಳೂ ಒಟ್ಟಿಗೆ ಕುಳಿತು ನಾಲ್ಕು ಮಾತಿಗೆ ಬದ್ಧರಾಗಬೇಕು. ಬದಲಿ ಕೊಟ್ಟವರು ಅದನ್ನು ಅದೇ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳಲಿ. ಇಲ್ಲವೆ ಬಾಕಿ ಬರೆದು ಸಹಿ ಹಾಕಿದ ಚೀಟಿ ಕೊಡಲಿ. ಹತ್ತು ರೂಪಾಯಿ ನಾಣ್ಯವನ್ನು ಸಗಟು ಮಂಡಿಯಿಂದ ಮೊದಲುಗೊಂಡು ಎಲ್ಲರೂ ಸ್ವೀಕರಿಸಲಿ. ಬ್ಯಾಂಕುಗಳು ಸಂತೆಯ ದಿನವಾದರೂ ನಾಣ್ಯ ಕೊಡುವ ಮತ್ತು ಕೊಳ್ಳುವ ಕಿಂಡಿಯನ್ನು ತೆರೆಯಲಿ; ನಾಣ್ಯ ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಈಗಾಗಲೇ ಇದೆ. ಫೋನಿನ ಫಲಕ ನೇತುಹಾಕಿದ ಅಂಗಡಿಯಲ್ಲೂ ನಗದಿಗೆ ಜಾಗವಿರಲಿ.

ಇವುಗಳಲ್ಲಿ ಮೊದಲೆರಡಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ. ಪೇಟೆಯವರು ಮನಸ್ಸು ಮಾಡಿದರೆ ಬರುವ ಸಂತೆಯಿಂದಲೇ ನಡೆಯುತ್ತವೆ. ಉಳಿದೆರಡನ್ನು ಒಟ್ಟಾಗಿ ಕೇಳಿ ಪಡೆಯೋಣ. ಅಲ್ಲಿಯವರೆಗೆ ಯಾರಾದರೂ “ಚಿಲ್ಲರೆ ಇಲ್ಲ” ಎಂದರೆ ನಾಚಿಕೆಪಡದೆ ಒಂದೇ ಪ್ರಶ್ನೆ ಕೇಳಿ: “ಇದನ್ನು ನಾಳೆ ವಾಪಸು ತೆಗೆದುಕೊಳ್ಳುತ್ತೀರಾ?”