ಅಣ್ಣಾ, ನಿನ್ನನ್ನೇ ಸಂದರ್ಶನ ಮಾಡ್ಲಾ?

ಭಾನುವಾರ ಬೆಳಗ್ಗೆ ಇನ್ನೂ ಕಾಫಿ ಕುಡಿದಿರಲಿಲ್ಲ, ಶಿವಮೊಗ್ಗದಿಂದ ಚಿಕ್ಕಮ್ಮನ ಮಗಳ ವಿಡಿಯೋ ಕಾಲ್. ಎಂಎಸ್‌ಡಬ್ಲ್ಯೂ ಓದ್ತಿದಾಳೆ, ಮನೆಮಂದಿಗೆಲ್ಲಾ ಪುಟ್ಟಿ.

"ಅಣ್ಣಾ, ಶುಕ್ರವಾರದೊಳಗೆ ಪ್ರಾಜೆಕ್ಟ್ ವಿಷಯ ಕೊಡ್ಬೇಕು. 'ಸಮಾಜದ ಮೇಲೆ ರೋಬೋಟ್ ಮತ್ತು ಕೃತಕ ಬುದ್ಧಿಮತ್ತೆಯ ಪರಿಣಾಮ' ಅಂತ ಬರ್ಕೊಂಡಿದೀನಿ. ಹೇಗಿದೆ?"

"ಚೆನ್ನಾಗಿದೆ. ಮುಗಿಸೋಕೆ ನಲವತ್ತು ವರ್ಷ ಸಾಕಾ?" ಅಂದೆ. ಮುಖ ಊದಿಸಿಕೊಂಡ್ಲು.

ತಮಾಷೆಗೆ ಹೇಳಿದ್ದಲ್ಲ. ಅವಳ ಕೈಲಿರೋದು ನಾಲ್ಕು ತಿಂಗಳು, ಒಂದು ಫೋನು, ಅಪ್ಪನ ಹಳೇ ಸ್ಕೂಟರ್ರು. ಇಷ್ಟರಲ್ಲಿ ಹೋಗಿ ನೋಡೋಕೆ ಆಗೋದೇನು, ಕೂತು ಮಾತಾಡಿಸೋಕೆ ಸಿಗೋರು ಯಾರು, ಅಲ್ಲಿಂದ ಶುರು ಮಾಡು ಅಂದೆ.

ಆಮೇಲೆ ನನಗೆ ಗೊತ್ತಿರೋದನ್ನೆಲ್ಲ ಹೇಳೋ ಹುಮ್ಮಸ್ಸು ಬಂತು. (ಇಂಜಿನಿಯರ್ ಅಣ್ಣಂದಿರ ಕಾಯಿಲೆ ಇದು.) 'ರೋಬೋಟ್' ಅನ್ನೋ ಪದ ಬಂದಿದ್ದೇ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ. ಚೆಕ್ ಭಾಷೆಯಲ್ಲಿ 'ರೊಬೊಟಾ' ಅಂದ್ರೆ ಬಲವಂತದ ಚಾಕರಿ. ನಮ್ಮ ಅಜ್ಜ ಬಿಟ್ಟಿ ಕೆಲಸ ಅಂತಿದ್ರಲ್ಲ, ಹತ್ತತ್ರ ಅದೇ. ಅಂದ್ರೆ ಆ ಪದದ ಹೊಟ್ಟೆಯಲ್ಲೇ ಕೂಲಿಯ ಪ್ರಶ್ನೆ ಇದೆ.

ಒಂದು ಉದಾಹರಣೆ ಕೊಟ್ಟೆ. ಮ್ಯಾನ್‌ಹೋಲ್ ಸ್ವಚ್ಛ ಮಾಡೋ 'ಬ್ಯಾಂಡಿಕೂಟ್' ರೋಬೋಟ್ ಗೊತ್ತಲ್ಲ, ಕೇರಳದ ಹುಡುಗರು ಮಾಡಿದ್ದು. 2018ರಲ್ಲಿ ತಿರುವನಂತಪುರದಲ್ಲಿ ಕೆಲಸ ಶುರು ಮಾಡ್ತು. ಬೇರೆ ಕಡೆಯೆಲ್ಲ 'ರೋಬೋಟ್ ಬಂದ್ರೆ ಕೆಲಸ ಹೋಗುತ್ತಾ' ಅಂತ ಹೆದರ್ತೀವಿ. ಇಲ್ಲಿ ಆ ಕೆಲಸ ಹೋಗಲೇಬೇಕು, 2013ರ ಕಾನೂನೂ ಅದನ್ನೇ ಹೇಳುತ್ತೆ. ಹಾಗಾಗಿ ಕೇಳಬೇಕಾದ್ದು ಬೇರೆ: ಗುಂಡಿಗೆ ಇಳೀತಿದ್ದವನ ಕೈಗೇ ಮಷೀನಿನ ಕಂಟ್ರೋಲ್ ಬಂತಾ, ಇಲ್ಲಾ ಬೇರೆ ಯಾರಿಗೋ ಹೋಯ್ತಾ? ನಿಮ್ಮೂರಲ್ಲಿ ಅಂಥ ಮಷೀನ್ ಇದ್ರೆ ಇದೊಂದೇ ಪ್ರಶ್ನೆ ನಾಲ್ಕು ತಿಂಗಳಿಗೆ ಬೇಕಾದಷ್ಟಾಯ್ತು. ಇದೆಯೋ ಇಲ್ವೋ ಮೊದಲು ನೋಡ್ಕೊಂಡು ಬಾ.

ಪ್ರಶ್ನೆ ಚಿಕ್ಕದಾದ್ರೆ ಬೆಲೆ ಕಮ್ಮಿ ಅಂತ ಅವಳ ಅನುಮಾನ. ಜಾಯ್ ಬುವಲಂವಿನಿ, ಟಿಮ್ನಿಟ್ ಗೆಬ್ರು 2018ರಲ್ಲಿ ಮಾಡಿದ ಅಧ್ಯಯನದ ಬಗ್ಗೆ ಹೇಳಿದೆ. ಮೂರು ಕಂಪನಿಗಳ ಸಾಫ್ಟ್‌ವೇರ್, 1,270 ಸಂಸದರ ಫೋಟೊ. ಪ್ರಶ್ನೆ ಒಂದೇ: ಇದು ಗಂಡಸಿನ ಮುಖವೋ ಹೆಂಗಸಿನದೋ ಅನ್ನೋದು ಯಾರ ವಿಷಯದಲ್ಲಿ ತಪ್ಪಾಗುತ್ತೆ? ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಚರ್ಮದ ಹೆಂಗಸರಲ್ಲಿ ಶೇ. 34.7ರವರೆಗೆ! ಇಡೀ ಜಗತ್ತು ಮುಖ ಗುರುತಿಸೋ ತಂತ್ರಜ್ಞಾನವನ್ನ ತಿರುಗಿ ನೋಡೋ ಹಾಗಾಯ್ತು.

ಅವಳು ಮಾಡಿಟ್ಟಿದ್ದ ಗೂಗಲ್ ಫಾರ್ಮನ್ನೂ ಕಳಿಸಿದ್ಲು. 'ಎಐ ಸಮಾಜಕ್ಕೆ ಒಳ್ಳೆಯದೇ? ಹೌದು / ಇಲ್ಲ.' ನೂರು ಜನ ಕ್ಲಾಸ್‌ಮೇಟ್ಸ್‌ಗೆ ಕಳಿಸೋ ಪ್ಲಾನು. ಹೀಗೆ ಅಭಿಪ್ರಾಯ ಕೇಳಿದ್ರೆ ವಾಟ್ಸಾಪಲ್ಲಿ ಓದಿದ್ದನ್ನೇ ಒಪ್ಪಿಸ್ತಾರೆ, ನಿಮ್ಮ ಕೆಲಸದಲ್ಲಿ ಏನು ಬದಲಾಯ್ತು ಅಂತ ಕೇಳು, ನಡೆದದ್ದು ಹೇಳ್ತಾರೆ ಅಂದೆ.

"ಹಾಗಾದ್ರೆ ನಿಂಗೇ ಕೇಳ್ತೀನಿ," ಅಂದ್ಲು. "ಯುಗಾದಿಗೆ ಬಂದಾಗ ಚಾಟ್‌ಬಾಟ್ ಮಾಡಿದೀನಿ ಅಂತ ತೋರಿಸಿದ್ಯಲ್ಲ. ಅದಕ್ಕೂ ಮುಂಚೆ ಆ ಕೆಲಸ ಯಾರು ಮಾಡ್ತಿದ್ರು?"

ಗ್ರಾಹಕರಿಗೆ ಉತ್ತರ ಕೊಡೋ ತಂಡ. ಇಪ್ಪತ್ತೆರಡು ಜನ ಇದ್ರು, ಈಗ ಒಂಬತ್ತು. ಯಾರನ್ನೂ ತೆಗೆದು ಹಾಕ್ಲಿಲ್ಲ, ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ ಅಷ್ಟೇ. 'ಅಷ್ಟೇ' ಅಂತ ನನ್ನ ಬಾಯಿಂದ ಬಂದಿದ್ದು ನನಗೇ ಕೇಳಿಸ್ತು. ಹಾಸನದ ಕಡೆಯವರು ಒಬ್ಬರಿದ್ರು, ನೈಟ್ ಶಿಫ್ಟು. ಸಿಟ್ಟಾದ ಗ್ರಾಹಕರಿಗೆ ಹೇಗೆ ಉತ್ತರ ಕೊಡಬೇಕು ಅಂತ ನನಗೆ ಕೂತು ಹೇಳಿಕೊಟ್ಟವರು ಅವರು. ಬಾಟ್ ಕಲಿತದ್ದು ಅವರ ಮೂರು ವರ್ಷದ ಚಾಟ್‌ಗಳಿಂದ. ಪ್ರೆಸೆಂಟೇಶನ್‌ನಲ್ಲಿ ಅದಕ್ಕೆ ನಾನು 'ಹಳೆಯ ಡೇಟಾ' ಅಂತ ಹೆಸರಿಟ್ಟಿದ್ದೆ. ಅವರು ಹೋದ ಮೇಲೆ ಒಂದು ಫೋನೂ ಮಾಡಿರಲಿಲ್ಲ.

"ಅಣ್ಣಾ, ನಿನ್ನನ್ನೇ ಸಂದರ್ಶನ ಮಾಡ್ಲಾ?"

ಕಂಪನಿ ರೂಲ್ಸು, ಅದು ಇದು ಅಂತ ಗೊಣಗಿದೆ. ಹೆಸರು ಹಾಕಲ್ಲ ಅಂದ್ಲು. ಆಮೇಲೆ ಒಂದು ಗಂಟೆ ನಿಜವಾದ ಕೆಲಸ ನಡೀತು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಬೇಕು. ಮಧ್ಯದಲ್ಲಿ ಬೇಡ ಅನ್ನಿಸಿದ್ರೆ ನಿಲ್ಲಿಸಬಹುದು ಅನ್ನೋದು ಅದರಲ್ಲಿ ಮೊದಲ ಸಾಲಾಗಿರಬೇಕು. ಆಡಿಯೋ ಎಲ್ಲಿಡ್ತಾಳೆ, ಯಾವಾಗ ಅಳಿಸ್ತಾಳೆ ಬರೀಬೇಕು. ಎಚ್‌ಆರ್ ಕಡೆಯಿಂದ ಜನರನ್ನ ಹುಡುಕಬಾರದು, ಇಲ್ಲ ಅನ್ನೋಕೆ ಹೆದರ್ತಾರೆ. ನಾನು ಅವಳ ಅಣ್ಣ ಅನ್ನೋದನ್ನ ಗೈಡ್‌ಗೆ ಮೊದಲೇ ಹೇಳಿಬಿಡಬೇಕು. ಈ ಕೊನೇದು ಅವಳೇ ಯೋಚಿಸಿದ್ದು, ನನಗೆ ಹೊಳೆದಿರಲಿಲ್ಲ.

ಗುರುವಾರ ರಾತ್ರಿ ಹೊಸ ವಿಷಯ ಕಳಿಸಿದ್ಲು: 'ಚಾಟ್‌ಬಾಟ್ ಬಂದ ಮೇಲೆ ಗ್ರಾಹಕ ಸೇವೆಯ ಕೆಲಸ ಕಳೆದುಕೊಂಡ ಹನ್ನೆರಡು ಮಹಿಳೆಯರು: ನಂತರದ ಆರು ತಿಂಗಳು.' ಕೆಳಗೆ, 'ಹಾಸನದವರ ನಂಬರ್ ಕೊಡ್ತೀಯಾ?'

ಅವರನ್ನ ಕೇಳದೆ ಕೊಡೋ ಹಾಗಿಲ್ಲ, ನಾನೇ ಹೇಳಿಕೊಟ್ಟ ರೂಲು. ಹಾಗಾಗಿ ಶುಕ್ರವಾರ ಆಫೀಸಿನ ಮೆಟ್ಟಿಲ ಹತ್ರ ನಿಂತು ಫೋನ್ ಮಾಡಿದೆ.

"ಏನ್ ಸಾರ್, ನಿಮ್ಮ ಬಾಟ್ ಕೆಟ್ಟೋಯ್ತಾ?" ಅಂತ ನಕ್ಕರು.

ಈಗ ಸೀರೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದಾರಂತೆ, ಸಂಬಳ ಮೊದಲಿಗಿಂತ ಕಮ್ಮಿ. ಅವರ ಚಾಟ್‌ಗಳಿಂದಲೇ ಬಾಟ್ ಕಲಿತದ್ದು ಅಂತ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದನ್ನ ಆವಾಗ್ಲೇ ಹೇಳ್ಬಹುದಿತ್ತು," ಅಂದ್ರು. ಪುಟ್ಟಿ ಜೊತೆ ಮಾತಾಡೋಕೆ ಒಪ್ಪಿದ್ದಾರೆ, ರಾತ್ರಿ ಒಂಬತ್ತರ ಮೇಲೆ, ಅಂಗಡಿ ಬಾಗಿಲು ಹಾಕಿದ ನಂತರ.

ನನ್ನ ಸರದಿ ಮುಂದಿನ ಬುಧವಾರ.