ಉತ್ತರ ಎಐ ಕೊಡುತ್ತೆ, ಸಹಿ ಯಾರದ್ದು?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್ ತುಂಬಾ ಒಂದೇ ಮಾತು: "ಎಐ ನಮ್ಮ ಕೆಲಸ ಕಿತ್ಕೊಳ್ಳುತ್ತಾ?" ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಎಐ ಕೊಟ್ಟ ಉತ್ತರ ತಪ್ಪಿದ್ರೆ, ಅದು ತಪ್ಪು ಅಂತ ನಮಗೆ ಗೊತ್ತಾಗುತ್ತಾ?

ಈ ಪ್ರಶ್ನೆ ಎಐ ಜೊತೆ ಹುಟ್ಟಿದ್ದಲ್ಲ. 1991ರ ಆಗಸ್ಟ್ 23ರಂದು ನಾರ್ವೆಯ ಸ್ಟಾವಂಗರ್ ಹತ್ತಿರ, ಸ್ಲೈಪ್ನರ್ ಎ ಎಂಬ ಗ್ಯಾಸ್ ಪ್ಲಾಟ್‌ಫಾರ್ಮ್‌ನ ಕಾಂಕ್ರೀಟ್ ತಳಭಾಗ ಪರೀಕ್ಷೆಯ ವೇಳೆಯಲ್ಲೇ ಮುಳುಗಿಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ನಷ್ಟ ಮಾತ್ರ ಸುಮಾರು 70 ಕೋಟಿ ಡಾಲರ್. ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ಗೆ ಕೊಟ್ಟಿದ್ದ ಮಾಡೆಲ್ ಸರಿ ಇರಲಿಲ್ಲ. ಗೋಡೆಗಳು ಕೂಡುವ ಜಾಗದಲ್ಲಿ ಶಿಯರ್ ಸ್ಟ್ರೆಸ್ ಶೇ. 47ರಷ್ಟು ಕಡಿಮೆ ತೋರಿಸಿತ್ತು. ಆ ಲೆಕ್ಕ ನಂಬಿ ಕಟ್ಟಿದ ಗೋಡೆ ನೀರಿನ ಒತ್ತಡ ತಡೆಯಲಿಲ್ಲ. ಆಮೇಲೆ ಹೊಸ ತಳಭಾಗ ಕಟ್ಟುವಾಗ ಅಲ್ಲಿನ ಇಂಜಿನಿಯರ್‌ಗಳು ಕಂಪ್ಯೂಟರಿಗೆ ಕಾಯದೆ, ಸ್ಲೈಡ್ ರೂಲ್ ಕಾಲದ ಕೈಲೆಕ್ಕದಿಂದಲೇ ಡಿಸೈನ್ ಶುರು ಮಾಡಿದರು. ಅದು ಸಾಧ್ಯವಾಗಿದ್ದು ಕೈಲೆಕ್ಕ ಬಲ್ಲವರು ಇನ್ನೂ ಅಲ್ಲಿ ಇದ್ದಿದ್ದರಿಂದ.

ಈಗ 2023ಕ್ಕೆ ಬನ್ನಿ. ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿಗೆ ವಕೀಲರು ಸಲ್ಲಿಸಿದ ದಾಖಲೆಯಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳಿದ್ದವು. "ಇದು ನಿಜವಾದ ಕೇಸಾ?" ಅಂತ ಅದನ್ನೇ ಕೇಳಿದ್ದೂ ಆಗಿತ್ತು, ಹೌದು ಅಂದಿತ್ತು! ದಂಡ 5,000 ಡಾಲರ್. ಕಟ್ಟಿದ್ದು ಚಾಟ್‌ಜಿಪಿಟಿ ಅಲ್ಲ, ಸಹಿ ಹಾಕಿದವರ ಕಡೆಯವರು. ಎಐ ಬಳಸಿದ್ದೇ ತಪ್ಪು ಅಂತ ನ್ಯಾಯಾಧೀಶರು ಹೇಳಲಿಲ್ಲ. ಪರಿಶೀಲಿಸೋ ಹೊಣೆ ವಕೀಲರದ್ದು ಅಂದರು.

"ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹೆದರಿಸಿದ್ರು" ಅಂತ ನೀವು ಹೇಳಬಹುದು. ಆದರೆ ಕ್ಯಾಲ್ಕುಲೇಟರ್ ಇಲ್ಲದ ಸಂಖ್ಯೆಯನ್ನು ಕಟ್ಟಿ ಹೇಳುವುದಿಲ್ಲ. ಎಐ ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುತ್ತೆ. ಅದನ್ನು ಹಿಡಿಯೋ ಕಣ್ಣು ನಮಗೆ ಬರೋದು ಬೋರಿಂಗ್ ಕೆಲಸದಿಂದಲೇ: ಹತ್ತು ಸಲ ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಬಿಡಿಸಿ, ರಾತ್ರಿಯಿಡೀ ಒಂದು ಬಗ್ ಹುಡುಕಿ. ಈಗ ನಾವು ಮೊದಲು ಎಐಗೆ ಒಪ್ಪಿಸ್ತಿರೋದೂ ಅದೇ ಕೆಲಸ. ಕಂಪನಿಗಳೂ ಫ್ರೆಶರ್‌ಗಳ ಕೈಗೆ ಕೊಡ್ತಿದ್ದ ಆ ಕೆಲಸವನ್ನೇ ಮೆಷಿನ್‌ಗೆ ಕೊಟ್ಟರೆ, ಹತ್ತು ವರ್ಷದ ನಂತರ ತಪ್ಪು ಹಿಡಿಯಬಲ್ಲ ಸೀನಿಯರ್ ಎಲ್ಲಿಂದ ಬರ್ತಾರೆ?

ಬ್ಯಾನ್ ಮಾಡಿ ಅಂತ ನಾನು ಹೇಳ್ತಿಲ್ಲ. ಪ್ರಾಂಪ್ಟ್ ಹಾಕೋ ಮುಂಚೆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ, ಉತ್ತರ ಎಷ್ಟರಿಂದ ಎಷ್ಟರೊಳಗೆ ಬರಬಹುದು ಅಂತ ಯೂನಿಟ್ ಸಮೇತ ಬರೆದಿಡಿ. ಎರಡೂ ತಾಳೆಯಾಗದಿದ್ರೆ ಯಾಕೆ ಅಂತ ಹುಡುಕಿ. ನಮ್ಮ ಲೆಕ್ಚರರ್‌ಗಳಲ್ಲೂ ಒಂದು ವಿನಂತಿ: ಪ್ರಾಜೆಕ್ಟ್ ವೈವಾದಲ್ಲಿ "ಕೋಡ್ ಯಾರು ಬರೆದದ್ದು?" ಅನ್ನೋದರ ಬದಲು "ಈ ಉತ್ತರ ಸರಿ ಅಂತ ಹೇಗೆ ನಂಬಿದಿರಿ?" ಅಂತ ಕೇಳಿ, ಅದಕ್ಕೇ ಅಂಕ ಕೊಡಿ.

ನಾಳೆ ಸೇತುವೆಯ ಡ್ರಾಯಿಂಗ್ ಕೆಳಗೆ, ಆಸ್ಪತ್ರೆಯ ಸಾಫ್ಟ್‌ವೇರ್ ರಿಲೀಸ್ ಕೆಳಗೆ ನಮ್ಮಲ್ಲೇ ಯಾರದೋ ಹೆಸರಿರುತ್ತೆ. ಆ ಸೇತುವೆ ಮೇಲೆ ಓಡಾಡೋ ಜನ ನಂಬೋದು ಆ ಹೆಸರನ್ನ.