ಮಾತ್ರೆಗಾಗಿ ಕಳೆಯುವ ಕೂಲಿ

ಸಕ್ಕರೆ ಕಾಯಿಲೆ ಸಾಹುಕಾರರ ಕಾಯಿಲೆ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಇನ್ನೂ ಹೋಗಿಲ್ಲ. ಕೂತು ಉಣ್ಣುವವನಿಗೆ ಬರುವ ರೋಗ, ಗುದ್ದಲಿ ಹಿಡಿಯುವವನಿಗೆ ಅದರ ಭಯವಿಲ್ಲವೆಂದು ಹಿರಿಯರು ನಂಬಿದ್ದರು. ಆ ನಂಬಿಕೆ ಸುಳ್ಳಾಗಿದೆ. ದೇಶದಲ್ಲಿ 10 ಕೋಟಿ 10 ಲಕ್ಷ ಜನಕ್ಕೆ ಈ ಕಾಯಿಲೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಇದೇ ಸಮೀಕ್ಷೆಯ 15 ರಾಜ್ಯಗಳ ವರದಿ 2017ರಲ್ಲಿ ಹೊರಬಂದಿತ್ತು. ನಮ್ಮ ರಾಜ್ಯವೂ ಅದರಲ್ಲಿ ಸೇರಿತ್ತು. ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಈ ಕಾಯಿಲೆ ಉಳ್ಳವರಿಗಿಂತ ಬಡವರಲ್ಲೇ ಹೆಚ್ಚೆಂದು ಅದು ಸಾರಿತು.

ಇದಕ್ಕೆ ಮದ್ದಿಲ್ಲವೆಂದಲ್ಲ. ಮೊದಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆ 1957ರಿಂದ ಬಳಕೆಯಲ್ಲಿದೆ. ಯಾವ ಕಂಪನಿಯ ಏಕಸ್ವಾಮ್ಯವೂ ಅದರ ಮೇಲಿಲ್ಲ. ಇನ್ಸುಲಿನ್ನಿನ ಹಕ್ಕನ್ನು ಅದರ ಸಂಶೋಧಕರು 1923ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಅವರ ಔದಾರ್ಯವನ್ನು ಆಮೇಲಿನ ವ್ಯಾಪಾರಿಗಳು ಉಳಿಸಿಕೊಂಡರೇ ಎಂಬುದು ಬೇರೆ ಮಾತು.

ಹಾಗಾದರೆ ಬಡವನ ರಕ್ತದಲ್ಲಿ ಸಕ್ಕರೆ ಹತೋಟಿಗೆ ಬಾರದಿರುವುದೇಕೆ? ಕುಣಿಗಲ್ ತಾಲ್ಲೂಕಿನ ಹಳ್ಳಿಯ ಕೂಲಿ ಹೆಂಗಸೊಬ್ಬಳನ್ನು ಮನಸ್ಸಿಗೆ ತಂದುಕೊಳ್ಳಿ. ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿಯಬೇಕು. ಸಾಲಿನಲ್ಲಿ ನಿಂತು ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಕಾದು ಮತ್ತೆ ರಕ್ತ ಕೊಡಬೇಕು. ಚೀಟಿ ಕೈಗೆ ಬರುವ ಹೊತ್ತಿಗೆ ವೈದ್ಯರು ಎದ್ದಿರುತ್ತಾರೆ. ಆ ದಿನದ ಕೂಲಿ ಹೋಯಿತು. ಹಾಗೆಂದು ಸಕ್ಕರೆ ಏರಿದರೆ ಮೈಯಲ್ಲಿ ನೋವೂ ಇಲ್ಲ! ಮುಂದಿನ ತಿಂಗಳು ಆಕೆ ಹೋಗುವುದಿಲ್ಲ, ಮಾತ್ರೆ ನಿಲ್ಲುತ್ತದೆ. ಕೆಲವು ವರ್ಷಗಳ ಮೇಲೆ ಅಂಗಾಲಿನ ಗಾಯ ಮಾಯದಾದಾಗ, ಕಣ್ಣು ಮಂಜಾದಾಗ, ಮೂತ್ರಪಿಂಡ ಕೆಟ್ಟಾಗ, ಅಜಾಗ್ರತೆಯೆಂದು ಆಕೆಯನ್ನೇ ಬೈಯುತ್ತಾರೆ.

ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಿದೆ. ಅದಕ್ಕೆ ಉಪವಾಸ ಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು. ಸಾಮಾನ್ಯವಾಗಿ 7ರೊಳಗಿದ್ದರೆ ಹತೋಟಿಯಲ್ಲಿದೆಯೆಂದು ತಿಳಿಯಬಹುದು. ಇದು ತುಮಕೂರು ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಉಚಿತವಾಗಿ, ತಪ್ಪದೆ ನಡೆಯಬೇಕು. ಹತೋಟಿಯಲ್ಲಿರುವವರಿಗೆ ಎರಡು ತಿಂಗಳ ಮಾತ್ರೆಯನ್ನು ಒಟ್ಟಿಗೆ, ಹಳ್ಳಿಯ ಉಪಕೇಂದ್ರದಲ್ಲೇ ಕೊಡಬೇಕು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯನ್ನೇ ತೆರೆದ ದೇಶಕ್ಕೆ ಇದು ದೊಡ್ಡ ಕೆಲಸವಲ್ಲ.

ಊಟದ ವಿಚಾರ. ರಾಗಿ ತಿಂದರೆ ಸಕ್ಕರೆ ಕಾಯಿಲೆಯಿಲ್ಲವೆಂದು ರಾಗಿಯ ನಾಡಿನವರಾದ ನಾವು ಬೀಗುವುದುಂಟು. ಪಾಲಿಷ್ ಮಾಡಿದ ಅಕ್ಕಿಗಿಂತ ರಾಗಿ ಮೇಲು, ನಾರು ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿಯೂ ಎರಡೆರಡು ಮುದ್ದೆಯೂ ಸಕ್ಕರೆಯನ್ನು ಏರಿಸಿಯೇ ಏರಿಸುತ್ತವೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು, ಕಾಳು ಹೆಚ್ಚಲಿ ಎಂಬುದು ವೈದ್ಯರ ಸಲಹೆ. ಪಡಿತರದಲ್ಲಿ ಬೇಳೆಕಾಳು ಕೊಡದೆ ಈ ಸಲಹೆ ಮಾತ್ರ ಕೊಟ್ಟರೆ ಬಡವನ ತಟ್ಟೆಗೆ ಏನು ಬಂದಂತಾಯಿತು? ಯಾರೋ ಹೇಳಿದ ಸೊಪ್ಪಿನ ರಸ ಕುಡಿದು ಮಾತ್ರೆ ಬಿಡುವವರಿಗೂ ಒಂದು ಮಾತು: ಬಿಡಬೇಡಿ.

ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳ ಕಾರ್ಮಿಕರ ಕಷ್ಟ ಇನ್ನೊಂದು ಬಗೆಯದು. ಕೆಲವು ಮಾತ್ರೆಗಳನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಂಡು ಪಾಳಿಯಲ್ಲಿ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ತೊದಲು ಮಾತು. ಮೇಸ್ತ್ರಿ ಕುಡಿದಿದ್ದಾನೆಂದು ತಿಳಿದಾನು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೆ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಊಟದ ವಿರಾಮವನ್ನು ಮುಂದೂಡಬಾರದೆಂದು ಕಾರ್ಮಿಕ ಸಂಘಗಳು ಕೇಳಿದರೆ ಅದು ಪ್ರಾಣದ ಪ್ರಶ್ನೆಯೆಂದು ಮಾಲೀಕರು ಅರಿಯಬೇಕು.

ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿ ಮರುವರ್ಷ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಮನೆಬಾಗಿಲಿಗೆ ಬಂದು ಪರೀಕ್ಷಿಸುವುದನ್ನು ಸ್ವಾಗತಿಸುತ್ತೇವೆ. ಆದರೆ ರೋಗವನ್ನು ಕಂಡುಹಿಡಿದು ಮಾತ್ರೆಯಿಲ್ಲವೆಂದರೆ ಏನು ಬಂತು? ನಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆಯ ಮತ್ತು ರಕ್ತದೊತ್ತಡದ ಔಷಧಗಳ ಕೊರತೆಯನ್ನು ಹಿಂದೆ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಆಸ್ಪತ್ರೆಗಳ ಆವರಣದ ಜನೌಷಧಿ ಅಂಗಡಿಗಳನ್ನು ಮುಚ್ಚಲು 2025ರಲ್ಲಿ ಆದೇಶ ಹೊರಡಿಸಿದಾಗ, ಔಷಧವನ್ನು ಪುಕ್ಕಟೆಯಾಗಿ ಕೊಡುತ್ತಿರುವಾಗ ಅಂಗಡಿ ಏಕೆ ಎಂದು ಸರ್ಕಾರ ವಾದಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯದ ಮಾತು ಹೇಗೇ ಇರಲಿ, ಪುಕ್ಕಟೆ ಕೊಡುತ್ತೇವೆಂಬ ಮಾತನ್ನಂತೂ ಸರ್ಕಾರ ತಾನಾಗಿ ಆಡಿದೆ. ಯಾವ ಮಾತ್ರೆ ಎಷ್ಟು ದಾಸ್ತಾನಿದೆಯೆಂದು ಪ್ರತಿ ಕೇಂದ್ರದ ಬಾಗಿಲಲ್ಲಿ ವಾರವಾರ ಫಲಕ ಹಾಕಲಿ.

ಓದುಗರು ಈ ವಾರ ತಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಎಷ್ಟು ದಿನದ ಮಾತ್ರೆ ಕೊಡುತ್ತಾರೆ, ಪರೀಕ್ಷೆ ಯಾವ ವಾರ, ಯಾವ ಹೊತ್ತು ಎಂದು ಕೇಳಿ, ಊರ ಹೆಸರಿನೊಡನೆ ನಮಗೊಂದು ಕಾಗದ ಬರೆಯಿರಿ. ಬಂದ ಕಾಗದಗಳನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಇಡುತ್ತೇವೆ.